ಮಲೆನಾಡಿನ ಮಳೆಗೆ ತೂತಿನ ಶೂ: ಫ್ಲಾಟ್ ಪೆಡಲ್‌ನವರಿಗೆ ನನ್ನ ಅನುಭವ

ಮಳೆಗಾಲದಲ್ಲಿ ತೋಟದ ದಾರಿಯಲ್ಲಿ ಸೈಕಲ್ ತುಳಿಯಲು ನೀರು ತಡೆಯುವ ಶೂ ಬೇಡ. ಒಳಗೆ ಬಂದ ನೀರನ್ನು ಬೇಗ ಹೊರಗೆ ಬಿಡುವ ಶೂ ಬೇಕು. ಇದನ್ನು ಮೊದಲು ಹೇಳಿದಾಗ ನಮ್ಮ ಚಿಕ್ಕಮಗಳೂರಿನ ಭಾನುವಾರದ ಗುಂಪು ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಹೊಸ ಶೂಗೆ ತೂತು ಹಾಕಿಕೊಂಡು ಹೋದ ದಿನ ಒಬ್ಬ ಗೆಳೆಯ, "ಏನ್ ಮಾರಾಯ, ಹದಿಮೂರು ಸಾವಿರ ಕೊಟ್ಟು ಇಡ್ಲಿ ತಟ್ಟೆ ಮಾಡ್ಕೊಂಡ್ಯಲ್ಲ" ಅಂದಿದ್ದ. ಈಗ ಎರಡು ಮಳೆಗಾಲ ಕಳೆದಿವೆ. ನನ್ನ ಶೂ ಗಟ್ಟಿಮುಟ್ಟಾಗಿದೆ. ಅದೇ ಗೆಳೆಯ ಮೊನ್ನೆ ತನ್ನ ಶೂ ಚೀಲದಲ್ಲಿ ಹಾಕಿಕೊಂಡು ನಮ್ಮ ಮನೆ ಬಾಗಿಲಿಗೆ ಬಂದಿದ್ದ. ಆದ್ದರಿಂದ ಈಗ ಧೈರ್ಯವಾಗಿ ಬರೆಯಬಹುದು.

ಶೂ ಕಚ್ಚಿಕೊಳ್ಳುವ ಕ್ಲಿಪ್‌ಲೆಸ್ ಪೆಡಲ್ ಮೇಲೋ, ಕಾಲು ಸುಮ್ಮನೆ ಇಡುವ ಚಪ್ಪಟೆ ಫ್ಲಾಟ್ ಪೆಡಲ್ ಮೇಲೋ ಎಂಬ ಜಗಳ ಇಲ್ಲಿ ಬೇಡ. ಕೈಮರ ದಾಟಿ ಮೇಲಿನ ತೋಟಗಳಲ್ಲಿ ಜುಲೈ ತಿಂಗಳಲ್ಲಿ ತುಳಿದವರಿಗೆ ಗೊತ್ತು, ಅರ್ಧ ದಾರಿ ನಾವು ಸೈಕಲ್ ಮೇಲೆ, ಇನ್ನರ್ಧ ದಾರಿ ಸೈಕಲ್ ನಮ್ಮ ಮೇಲೆ. ಕ್ಲಿಪ್‌ಲೆಸ್ ಶೂ ಅಡಿಯ ಕೊಂಡಿ, ಅಂದರೆ ಕ್ಲೀಟ್ ಒಳಗೆ ಕೆಂಪು ಮಣ್ಣು ಕೂತರೆ ಕಡ್ಡಿ ಹಾಕಿ ಕೆರೆಯುತ್ತಾ ನಿಲ್ಲಬೇಕು. ಆ ಸಹವಾಸವೇ ಬೇಡ ಅಂತ ನಾನು ಫ್ಲಾಟ್‌ಗೆ ಬಂದವನು.

ಮೊದಲು ದುಡ್ಡು ಹೋದ ಲೆಕ್ಕ ಹೇಳಿಬಿಡುತ್ತೇನೆ. ಒಳಗೆ ವಾಟರ್‌ಪ್ರೂಫ್ ಪೊರೆ ಇರುವ, ಹೆಸರುವಾಸಿಯಾದ ಒಂದು ಶೂವನ್ನು ಹೊರದೇಶದಲ್ಲಿರುವ ಭಾವನ ಕೈಲಿ ತರಿಸಿದೆ. ಎಲ್ಲ ಸೇರಿ ಹದಿನಾರು ಸಾವಿರದ ಹತ್ತಿರ ಆಗಿರಬೇಕು. ಮೊದಲ ಹದಿನೈದು ನಿಮಿಷ ಸ್ವರ್ಗ. ಆಮೇಲೆ ಮಳೆ ನೀರು ಮೊಣಕಾಲಿನಿಂದ ಇಳಿದು, ಸಾಕ್ಸ್ ಹಿಡಿದು, ಶೂ ಬಾಯಿಂದಲೇ ಒಳಗೆ ಬಂತು. ಒಂದು ಹಳ್ಳ ದಾಟಿದ ಮೇಲಂತೂ ಕೇಳುವುದೇ ಬೇಡ. ಹೊರಗಿನ ನೀರನ್ನು ಒಳಗೆ ಬಿಡದ ಪೊರೆ ಒಳಗಿನ ನೀರನ್ನೂ ಹೊರಗೆ ಬಿಡುವುದಿಲ್ಲ ಅಲ್ವಾ? ಮನೆಗೆ ಬಂದು ಮೆಣಸು ತೂಗುವ ತಕ್ಕಡಿಯಲ್ಲಿ ಇಟ್ಟೆ. ಒಣಗಿದ್ದಾಗ ಒಂದು ಶೂ ನಾನೂರೈವತ್ತು ಗ್ರಾಂ ಇತ್ತು, ಈಗ ಏಳುನೂರರ ಮೇಲೆ. ಅದು ಒಣಗಲು ಮೂರು ದಿನ ಹಿಡಿಯಿತು. ಅಷ್ಟರಲ್ಲಿ ಒಳಗೆ ಬೂಷ್ಟು ಬಂದಿತ್ತು.

ಆ ಶೂ ಕೆಟ್ಟದ್ದೇನಲ್ಲ. ಅದು ಬೇರೆ ಊರಿಗೆ ಮಾಡಿದ್ದು. ಬ್ರಿಟನ್ನಿನ ಚಳಿಗಾಲದಲ್ಲಿ ನಾಲ್ಕೈದು ಡಿಗ್ರಿಯ ನೀರು ಕಾಲಿಗೆ ತಾಗಿದರೆ ಬೆರಳು ಮರಗಟ್ಟುತ್ತದೆ. ಅವರಿಗೆ ಪಾದ ಬೆಚ್ಚಗಿರುವುದೇ ಮುಖ್ಯ. ನಮ್ಮಲ್ಲಿ ಮುಳ್ಳಯ್ಯನಗಿರಿಯ 1,930 ಮೀಟರ್ ಮೇಲೆ ಗಾಳಿ ಹೊಡೆದರೆ ಮೈ ನಡುಗುತ್ತದೆ ನಿಜ. ಆದರೆ ಕೆಳಗಿನ ತೋಟದಲ್ಲಿ ಇಪ್ಪತ್ತು ಡಿಗ್ರಿಯ ಆಸುಪಾಸು. ಅಲ್ಲಿ ಮುಚ್ಚಿದ ಶೂ ಹಾಕಿದರೆ ಬೆವರಿನಿಂದಲೇ ಸಾಕ್ಸ್ ನೆನೆಯುತ್ತದೆ. ನಮ್ಮ ಕಷ್ಟ ಚಳಿ ಅಲ್ಲ. ಸತತವಾಗಿ ವಾರಗಟ್ಟಲೆ ಒಣಗದಿರುವುದು.

ಇದರ ಸಿಟ್ಟಿನಲ್ಲಿ ಅಗ್ಗದ ಕಡೆ ಹೋದೆ. ಕ್ಯಾನ್ವಾಸಿನ ಹಂಟರ್ ಶೂ, ನಾನೂರೋ ಐನೂರೋ ಕೊಟ್ಟ ನೆನಪು. ಕೆಸರಲ್ಲಿ ನಡೆಯಲು ಬಹಳ ಚೆನ್ನ, ನೀರೂ ಇಳಿಯುತ್ತದೆ. ಆದರೆ ಆ ಸೋಲ್ ಗಟ್ಟಿ ರಬ್ಬರು. ಒದ್ದೆ ಪೆಡಲ್ ಮೇಲೆ ಕಾಲು ನಿಲ್ಲಲಿಲ್ಲ, ಹಿಡಿತಕ್ಕೆಂದು ಪೆಡಲ್ ಮೇಲೆ ಎದ್ದು ನಿಂತ ಪಿನ್ನು ಮೀನಖಂಡ ಸೀಳಿತು. ಆ ಗುರುತು ಇನ್ನೂ ಇದೆ. ತೋಟದ ಗಂಬೂಟನ್ನೂ ಬಿಡಲಿಲ್ಲ. ಕಣಕಾಲು ಬಗ್ಗುವುದಿಲ್ಲ, ಹಿಮ್ಮಡಿ ಕ್ರ್ಯಾಂಕಿಗೆ (ಪೆಡಲ್ ಕೂತ ತೋಳಿಗೆ) ಉಜ್ಜುತ್ತದೆ. ಒಂದು ಸುತ್ತಿಗೇ ಸಾಕಾಯಿತು.

ಸೋಲ್ ವಿಷಯಕ್ಕೆ ಬರೋಣ. ಆಯ್ಕೆ ಮಾಡುವಾಗ ಜಾಸ್ತಿ ಹೊತ್ತು ಕೊಡಬೇಕಾದ್ದು ಇಲ್ಲೇ. ಪೆಡಲ್ ಹಿಡಿತ ಬರುವುದು ಪಿನ್ನು ರಬ್ಬರಿನೊಳಗೆ ಹೂತು ಕೂರುವುದರಿಂದ. ಅದಕ್ಕೆ ಮೆತ್ತನೆ ರಬ್ಬರು ಬೇಕು, ಗುಬುಟು ಚಿಕ್ಕದಿರಬೇಕು, ಒತ್ತೊತ್ತಾಗಿರಬೇಕು. ಆದರೆ ಅಂಥ ಸೋಲ್ ಹಾಕಿಕೊಂಡು ಕೆಸರಿನ ಏರಿನಲ್ಲಿ ಸೈಕಲ್ ತಳ್ಳಿ ನೋಡಿ, ಒಂದು ಹೆಜ್ಜೆ ಮುಂದೆ, ಎರಡು ಹಿಂದೆ. ನಡೆಯಲು ಆಳವಾದ ಹಲ್ಲಿನ ಸೋಲ್ ಬೇಕು. ಪೂರ್ತಿ ಹಲ್ಲಿನ ಸೋಲ್ ಆದರೆ ಪಿನ್ನು ಸಂದಿನಲ್ಲಿ ಸಿಕ್ಕಿ ಕಾಲು ಎಲ್ಲೆಲ್ಲೋ ಕೂರುತ್ತದೆ, ಸಂದಿಗೆ ಮಣ್ಣು ತುಂಬಿದರೆ ಅದೂ ಇಲ್ಲ. ನನ್ನ ತೀರ್ಮಾನ ಇಷ್ಟು: ನಡುವೆ, ಪೆಡಲ್ ಕೂರುವ ಕಡೆ ಚಿಕ್ಕ ಚುಕ್ಕಿಯ ಮೆತ್ತನೆ ರಬ್ಬರು. ಬೆರಳ ತುದಿ ಮತ್ತು ಹಿಮ್ಮಡಿಯಲ್ಲಿ ಮಾತ್ರ ಹಲ್ಲು, ಹಲ್ಲಿನ ಮಧ್ಯೆ ಕಿರುಬೆರಳಿನಷ್ಟು ಜಾಗ. ಅಂಗಡಿಯಲ್ಲಿ ಉಗುರು ಒತ್ತಿ ನೋಡುತ್ತೇನೆ. ಗುರುತು ಬಿದ್ದು ನಿಧಾನಕ್ಕೆ ಮೇಲೆದ್ದರೆ ಸರಿ. ಟಕ್ ಅಂತ ಎದ್ದರೆ ವಾಪಸ್ ಇಡುತ್ತೇನೆ.

ಮಾದರಿ ಹೆಸರು ಕೇಳುವವರಿಗಾಗಿ: ನಾನು ನಿಂತಿದ್ದು ಫೈವ್ ಟೆನ್ ಕಂಪನಿಯ ಟ್ರೈಲ್‌ಕ್ರಾಸ್ ಎಲ್‌ಟಿ. ಇವರ ಸ್ಟೆಲ್ತ್ ರಬ್ಬರು ಬಂಡೆ ಹತ್ತುವವರ ಶೂಗೆಂದು ಹುಟ್ಟಿದ್ದು. ಕಂಪನಿಯನ್ನು 2011ರಲ್ಲಿ ಅಡಿಡಾಸ್ ಕೊಂಡುಕೊಂಡಿತು. ಎಲ್‌ಟಿಯ ಮೇಲ್ಭಾಗ ಪೂರ್ತಿ ತೆಳು ಜಾಲರಿ. ಅದೇ ಹೆಸರಲ್ಲಿ ವಾಟರ್‌ಪ್ರೂಫ್ ಮಾದರಿಯೂ ಇದೆ, ಕೊಳ್ಳುವಾಗ ಹೆಸರಿನ ಬಾಲ ನೋಡಿಕೊಳ್ಳಿ. ಬೇರೆ ಕಂಪನಿಯದೂ ಆಗಬಹುದು. ಚರ್ಮ ಬೇಡ, ದಪ್ಪ ಸ್ಪಂಜಿನ ನಾಲಿಗೆ ಬೇಡ, ಇಷ್ಟು ನೋಡಿದರೆ ಸಾಕು.

ಈಗ ತೂತು. ಯಾವ ಜಾಲರಿ ಶೂ ಆದರೂ ಕೆಳಗೆ ಸುತ್ತಲೂ ರಬ್ಬರಿನ ಅಂಚು ಇರುತ್ತದೆ. ಜಾಲರಿಯ ಮಟ್ಟದವರೆಗಿನ ನೀರು ಹೋಗುತ್ತದೆ, ಅಂಚಿನ ಒಳಗಿನದ್ದು ಅಲ್ಲೇ ನಿಲ್ಲುತ್ತದೆ. ಆ ನೀರನ್ನೇ ನಾವು ಪಚಪಚ ತುಳಿಯುವುದು. ಮೊದಲು ಹಳೆಯ ಶೂ ಒಂದಕ್ಕೆ ಟಾರ್ಪಾಲ್ ಅಂಗಡಿಯವರ ಹತ್ತಿರ ಹಿತ್ತಾಳೆ ಐಲೆಟ್ (ತೂತಿನ ಅಂಚಿನ ಬಳೆ) ಹಾಕಿಸಿದೆ. ಇಪ್ಪತ್ತು ರೂಪಾಯಿ. ನೀರೇನೋ ಇಳಿಯಿತು, ಆದರೆ ಐಲೆಟ್ ಕ್ರ್ಯಾಂಕನ್ನು ಗೀಚಿತು, ಮರಳೂ ಒಳಗೆ ಬಂತು. ಆಮೇಲೆ ಸಾಲ್ಡರಿಂಗ್ ಕಡ್ಡಿ ಹಿಡಿದೆ. ಸಿಂಥೆಟಿಕ್ ಬಟ್ಟೆ ಕರಗಿ ತೂತಿನ ಅಂಚು ತಾನೇ ಮುಚ್ಚಿಕೊಳ್ಳುತ್ತದೆ, ಎಳೆ ಬಿಚ್ಚುವುದಿಲ್ಲ. ಹೊಗೆ ಕೆಟ್ಟದ್ದು, ಹೊರಗೆ ಜಗಲಿಯಲ್ಲಿ ಕೂತು ಮಾಡಿ. ಒಳಬದಿಯಲ್ಲಿ ಪಾದದ ಕಮಾನಿನ ಹತ್ತಿರ ಎರಡು, ಹೊರಬದಿಯಲ್ಲಿ ಒಂದು. ಬೆರಳ ಕಡೆ ಬೇಡವೇ ಬೇಡ, ಮುಂದಿನ ಚಕ್ರದ ಕೆಸರು ನೇರ ಒಳಗೆ ಬರುತ್ತದೆ. ಸೋಲ್ ಅಂಟಿಸಿದ ಗೆರೆಗೆ ಕಡ್ಡಿ ತಾಗಿಸಬೇಡಿ. ಎಷ್ಟು ದಪ್ಪದ ತೂತು, ಯಾವ ಓರೆಯಲ್ಲಿ ಅನ್ನುವುದನ್ನು ಮಾತ್ರ ಕೇಳಬೇಡಿ. ಅದಕ್ಕೆ ನಾನು ಎರಡು ಜೊತೆ ಶೂ ಹಾಳು ಮಾಡಿದ್ದೇನೆ, ನೀವೂ ಒಂದನ್ನಾದರೂ ಮಾಡಿ!

ತೂತಿಗಿಂತ ಜಾಸ್ತಿ ಫಲ ಕೊಟ್ಟಿದ್ದು ಒಳಗಿನ ಇನ್‌ಸೋಲ್. ಎಷ್ಟೋ ಶೂಗಳ ಜೊತೆ ಬರುವ ಮೆತ್ತನೆ ಸ್ಪಂಜು ನೀರು ಕುಡಿದು ಕೂರುತ್ತದೆ. ಅದನ್ನು ಕಿತ್ತು ಈವಿಎ ಹಾಳೆ ಕತ್ತರಿಸಿ ಹಾಕಿದೆ. ಹವಾಯಿ ಚಪ್ಪಲಿಯಂಥ ಮುಚ್ಚಿದ ರಂಧ್ರದ ಫೋಮ್, ನೀರು ಹೀರುವುದೇ ಇಲ್ಲ. ಹಾಸನದ ಒಂದು ಅಂಗಡಿಯಲ್ಲಿ ಅರವತ್ತು ರೂಪಾಯಿಗೆ ಎರಡು ಜೊತೆಗಾಗುವಷ್ಟು ಸಿಕ್ಕಿತು. ಹಾಳೆಗೂ ಸಣ್ಣ ತೂತುಗಳು. ಇದಾದ ಮೇಲೆ ಪೂರ್ತಿ ನೆನೆದ ಶೂ ಒಣ ತೂಕಕ್ಕಿಂತ ಎಂಬತ್ತು ತೊಂಬತ್ತು ಗ್ರಾಂ ಜಾಸ್ತಿ ತೂಗಿತು, ಅಷ್ಟೆ.

ಒಣಗಿಸುವುದು ಇನ್ನೊಂದು ಪುರಾಣ. ನಮ್ಮಲ್ಲಿ ಎಲ್ಲರೂ ಮಾಡುವುದು ಬಚ್ಚಲ ಒಲೆ ಮೇಲೆ ಇಡುವುದು. ಪಕ್ಕದ ತೋಟದ ಹುಡುಗ ಹಾಗೇ ಇಟ್ಟು, ಮಾರನೇ ದಿನ ಅತ್ತಿಗುಂಡಿ ಇಳಿಜಾರಿನಲ್ಲಿ ಅವನ ಸೋಲ್ ಬಾಯಿ ಬಿಟ್ಟಿತು. ಶೂ ಅಂಟಿಗೆ ಬೆಂಕಿಯ ಝಳ ಆಗುವುದಿಲ್ಲ. ನಾನು ಬಚ್ಚಲಿನ ಅಟ್ಟದ ಮೇಲೆ, ಕೈ ಇಟ್ಟರೆ ಬೆಚ್ಚಗೆ ಅನಿಸುವಷ್ಟು ದೂರದಲ್ಲಿ ಇಡುತ್ತೇನೆ. ಅಮ್ಮ ಮೊದಲು, "ಸೌದೆ ಒಣಗಿಸೋ ಜಾಗದಲ್ಲಿ ನಿನ್ನ ನಾತದ ಶೂನಾ" ಅಂತ ರೇಗಿದರು. ಹೊಸ ದಾರಿ ಇದು: ಹಳೆ ಕಂಪ್ಯೂಟರಿನ ಹನ್ನೆರಡು ವೋಲ್ಟಿನ ಫ್ಯಾನು, ಅದಕ್ಕೆ ಎರಡು ಪಿವಿಸಿ ಪೈಪು, ಪೈಪಿನ ತುದಿಗೆ ಶೂ. ಮಳೆಗಾಲದಲ್ಲಿ ಕರೆಂಟಿನ ಗತಿ ಗೊತ್ತಲ್ಲ, ಯುಪಿಎಸ್ ಬ್ಯಾಟರಿಗೇ ಕೊಟ್ಟಿದ್ದೇನೆ. ಮೊದಲು ಒಂದು ಗಂಟೆ ಪೇಪರ್ ತುಂಬಿ ತೆಗೆದು ಇಟ್ಟರೆ ಐದಾರು ಗಂಟೆಯಲ್ಲಿ ಒಣಗುತ್ತದೆ. ಮಧ್ಯೆ ಒಮ್ಮೆ ಹಳೆ ಸಾಕ್ಸಿಗೆ ಕಾಫಿ ಹೊಟ್ಟು ತುಂಬಿ ಒಳಗೆ ಇಟ್ಟು ನೋಡಿದೆ. ತೇವ ಹೀರಿತು, ನಾತವೂ ಹೋಯಿತು. ಎರಡನೇ ವಾರ ಹೊಟ್ಟಿಗೇ ಬೂಷ್ಟು ಬಂತು.

ಉಂಬಳದ (ಜಿಗಣೆಯ) ಪ್ರಶ್ನೆ ಎಲ್ಲರೂ ಕೇಳುತ್ತಾರೆ. ತೂತಿನಿಂದ ಬರುವುದಿಲ್ಲವಾ ಅಂತ. ಪೆಡಲ್ ತುಳಿಯುವಾಗ ಹತ್ತುವುದು ಕಡಿಮೆ, ನಿಂತಾಗಲೇ ಕಾಟ. ಹೊಗೆಸೊಪ್ಪಿನ ನೀರಿನಲ್ಲಿ ನೆನೆಸಿ ಒಣಗಿಸಿದ ಸಾಕ್ಸ್ ಹಾಕಿದರೆ ಸ್ವಲ್ಪ ಹೊತ್ತು ಹತ್ತಿರ ಬರುವುದಿಲ್ಲ, ಹಳ್ಳ ದಾಟಿದ ಮೇಲೆ ಅದರ ಕಾರುಬಾರು ಮುಗಿಯಿತು. ಈಗ ನಾನು ತೆಳು ಉಣ್ಣೆ ಸಾಕ್ಸ್ ಹಾಕುತ್ತೇನೆ. ಒದ್ದೆಯಾದರೂ ಉಣ್ಣೆ ಬೆಚ್ಚಗಿರುತ್ತದೆ, ಹತ್ತಿ ಸಾಕ್ಸಿನ ಹಾಗೆ ಬೊಬ್ಬೆ ಎಬ್ಬಿಸುವುದಿಲ್ಲ. ಹಾಗಾಗಿ ಶೂ ಅಳತೆ ನೋಡುವಾಗ ಅದೇ ಸಾಕ್ಸ್ ಹಾಕಿಕೊಂಡೇ ನೋಡಿ.

ಪೆಡಲ್ ಬಗ್ಗೆ ಒಂದೇ ಮಾತು. ಶೂಗೆ ಹದಿಮೂರು ಸಾವಿರ ಹಾಕಿ, ಸವೆದ ಪಿನ್ನಿನ ಮೇಲೆ ಇಟ್ಟರೆ ದುಡ್ಡು ದಂಡ. ನನ್ನ ಪೆಡಲಿಗೆ ಪಿನ್ನಾಗಿ ಎಂ4 ಗ್ರಬ್ ಸ್ಕ್ರೂ (ನಾಲ್ಕು ಮಿಲಿಮೀಟರ್ ದಪ್ಪದ, ತಲೆಯಿಲ್ಲದ ಸ್ಕ್ರೂ) ಆಗುತ್ತದೆ, ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದಕ್ಕೆ ಎರಡು ಮೂರು ರೂಪಾಯಿ. ಮಳೆಗಾಲಕ್ಕೆ ಮಾಮೂಲಿಗಿಂತ ಒಂದು ಮಿಲಿಮೀಟರ್ ಜಾಸ್ತಿ ಉದ್ದದ್ದು ಹಾಕುತ್ತೇನೆ, ಎಲ್ಲ ಕಡೆಗೂ ಅಲ್ಲ. ಎಲ್ಲೆಲ್ಲಿ ಅನ್ನುವುದು ನನ್ನ ಗುಟ್ಟು. ಮೊಣಕಾಲಿನ ಕೆಳಗೆ ಫುಟ್‌ಬಾಲ್ ಶಿನ್‌ಗಾರ್ಡ್ ಮಾತ್ರ ಮರೆಯಬೇಡಿ.

ಮೆತ್ತನೆ ರಬ್ಬರಿಗೆ ಆಯಸ್ಸು ಕಡಿಮೆ. ನನ್ನ ಬಲಗಾಲಿನ ಸೋಲಿನಲ್ಲಿ ಈಗ ಪಿನ್ನಿನ ಗುಳಿಗಳು ಕಾಣುತ್ತಿವೆ. ಬಸ್ ಸ್ಟ್ಯಾಂಡ್ ಹತ್ತಿರದ ಶೂ ರಿಪೇರಿ ಅಣ್ಣನ ಕೈಲಿ ಹಳೆ ಜೊತೆಯೊಂದಕ್ಕೆ ಟ್ಯೂಬ್ ರಬ್ಬರು ಅಂಟಿಸಿ ನೋಡಿದ್ದೆ. ಒಣಗಿದ್ದಾಗ ಪರವಾಗಿಲ್ಲ, ಒದ್ದೆಯಾದರೆ ಸಾಬೂನು. ಈ ಸಲ ಕ್ಲೈಂಬಿಂಗ್ ಶೂಗೆ ಹಾಕುವ ನಾಲ್ಕು ಮಿಲಿಮೀಟರ್ ರಬ್ಬರ್ ಹಾಳೆ ತರಿಸಲು ಹೇಳಿದ್ದೇನೆ. ಎರಡು ಜೊತೆಗೆ ಮೂರು ಸಾವಿರದ ಒಳಗೆ ಆದರೆ ಹಾಕಿಸುತ್ತೇನೆ. ಜಾಸ್ತಿಯಾದರೆ ಹೊಸ ಶೂ, ಮತ್ತೆ ಸಾಲ್ಡರಿಂಗ್ ಕಡ್ಡಿ.