‘ಚಾರ್ಜ್’ ಎಂಬ ಹೊರೆ: ನನ್ನ ಅನುಭವ

ಮುಂಬಯಿಯ ಫೋರ್ಟ್ ಪ್ರದೇಶದ ವಕೀಲರ ಕಚೇರಿಯೊಂದರಲ್ಲಿ ಕಾಗದಪತ್ರಗಳನ್ನು ಕನ್ನಡಕ್ಕೆ ಅನುವಾದಿಸಿಕೊಡುವ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಹೆದರುತ್ತಿದ್ದುದು ಉದ್ದುದ್ದದ ಲ್ಯಾಟಿನ್ ಪದಗಳಿಗೆ. ಎಡವಿದ್ದು ಮಾತ್ರ, ಮೊಬೈಲ್ ಹಿಡಿದ ಮಕ್ಕಳೂ ದಿನವಿಡೀ ಆಡುವ ‘ಚಾರ್ಜ್’ ಎಂಬ ಪದದಲ್ಲಿ.

ಮಾಟುಂಗಾದಲ್ಲಿ ಹೋಟೆಲ್ ನಡೆಸುತ್ತಿದ್ದ ದಕ್ಷಿಣ ಕನ್ನಡದ ಹಿರಿಯರೊಬ್ಬರು ಪನವೇಲ್ ಕಡೆಯ ತಮ್ಮ ಜಮೀನಿನ ಮೇಲೆ ಬ್ಯಾಂಕ್ ಸಾಲ ಪಡೆದಿದ್ದರು. ಸಾಲಪತ್ರದಲ್ಲಿದ್ದ ‘ಚಾರ್ಜ್ ಆನ್ ದ ಪ್ರಾಪರ್ಟಿ’ ಎಂಬುದನ್ನು ನಾನು ‘ಆಸ್ತಿಯ ಮೇಲಿನ ಶುಲ್ಕ’ ಎಂದು ಬರೆದುಕೊಟ್ಟೆ. ಅವರು ಓದಿ, “ಎಷ್ಟು ಅಂತ ಬರೆದಿಲ್ಲವಲ್ಲ ಮಾರಾಯ್ರೇ, ಹೇಳಿದರೆ ಇವತ್ತೇ ಕಟ್ಟಿಬಿಡುತ್ತೇನೆ” ಎಂದರು. ಪತ್ರವನ್ನೆಲ್ಲ ಜಾಲಾಡಿದರೂ ಅಂಥ ಮೊತ್ತ ಸಿಗಲಿಲ್ಲ. ಆಗ ಪಕ್ಕದ ಮೇಜಿನ ಮರಾಠಿ ಗುಮಾಸ್ತರು ಆ ಜಮೀನಿನ ಸಾತ್‌ಬಾರಾ ಉತಾರೆಯನ್ನು, ಅಂದರೆ ನಮ್ಮ ಪಹಣಿಯಂಥ ಭೂದಾಖಲೆಯ ಪ್ರತಿಯನ್ನು, ಬಿಡಿಸಿ, ಇತರ ಹಕ್ಕುಗಳ ಅಂಕಣದಲ್ಲಿ ಬ್ಯಾಂಕಿನ ಹೆಸರಿನ ಜೊತೆಗಿದ್ದ ಪದದ ಮೇಲೆ ಬೆರಳಿಟ್ಟು, “ಅಹೋ, ಹಾ ಬೋಜಾ ಆಹೆ” ಎಂದರು. ಬೋಜಾ ಎಂದರೆ ಹೊರೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 100ನೆಯ ಸೆಕ್ಷನ್ ಹೇಳುವ ಚಾರ್ಜ್ ಇದೇ: ಹಣ ಸಲ್ಲಬೇಕಾದವರಿಗೆ ಸ್ಥಿರಾಸ್ತಿಯೊಂದು ಭದ್ರತೆಯಾಗಿರುತ್ತದೆ, ಆದರೆ ಆ ವ್ಯವಹಾರ ಅಡಮಾನವಾಗಿರುವುದಿಲ್ಲ.

ಅಂದು ರಾತ್ರಿ ನಿಘಂಟು ತೆರೆದು ನೋಡಿದಾಗ, ಪದದ ಬೇರು ಲ್ಯಾಟಿನ್ನಿನ ‘ಕಾರುಸ್’, ಅಂದರೆ ಗಾಡಿ, ಎಂದು ತಿಳಿಯಿತು. ಗಾಡಿಗೆ ಹೇರುವುದೇ ಚಾರ್ಜಿನ ಮೂಲ ಅರ್ಥ. ಕಾರು, ಕಾರ್ಗೋ ಎರಡೂ ಅದರ ದಾಯಾದಿಗಳು. ಅಲ್ಲಿಂದ ಮುಂದೆ ‘ಹೊರಿಸು’ ಎಂಬ ನಮ್ಮ ಕ್ರಿಯಾಪದವನ್ನೇ ಕೈದೀಪವಾಗಿ ಹಿಡಿದೆ. ‘ಚಾರ್ಜ್ಡ್ ವಿತ್ ಥೆಫ್ಟ್’ ಎಂದರೆ ಕಳವಿನ ಆರೋಪ ಹೊರಿಸಲಾಗಿದೆ. ‘ಚಾರ್ಜ್ಡ್ ವಿತ್ ದ ಡ್ಯೂಟಿ’ ಎಂದರೆ ಹೊಣೆ ಹೊರಿಸಲಾಗಿದೆ. ಇಂಗ್ಲಿಷಿನಲ್ಲಿ ಎರಡೂ ಕಡೆ ‘ವಿತ್’ ಇರುವುದರಿಂದ ಅದೊಂದನ್ನೇ ನಂಬಿದವನು ಪ್ರಾಮಾಣಿಕ ಅಧಿಕಾರಿಯನ್ನು ಆರೋಪಿಯನ್ನಾಗಿಸಿಬಿಡಬಹುದು. ಕನ್ನಡದಲ್ಲಿಯೂ ಹೊರುವ ವಸ್ತು ಬೇರೆಯಾಯಿತೇ ಹೊರತು ಕ್ರಿಯೆ ಬದಲಾಗಲಿಲ್ಲ. ಬ್ಯಾಟರಿಗೆ ವಿದ್ಯುತ್ತು, ಗಿರಾಕಿಗೆ ಬೆಲೆ, ಎಲ್ಲವೂ ಈ ಗಾಡಿಯವೇ.

ಅತಿ ಸಣ್ಣ ಪದವೊಂದು ನನ್ನನ್ನು ಹೆಚ್ಚು ಕಾಡಿತು. ‘ಇನ್ ಚಾರ್ಜ್ ಆಫ್’ ಎಂದರೆ ನೋಡಿಕೊಳ್ಳುವವರು. ನಡುವೆ ‘ದ’ ಸೇರಿ ‘ಇನ್ ದ ಚಾರ್ಜ್ ಆಫ್’ ಆದರೆ ಸಾಮಾನ್ಯವಾಗಿ ಇನ್ನೊಬ್ಬರ ಸುಪರ್ದಿನಲ್ಲಿರುವವರು. ದಾದಿ ಮಗುವಿನ ‘ಇನ್ ಚಾರ್ಜ್’, ಮಗು ದಾದಿಯ ‘ಇನ್ ದ ಚಾರ್ಜ್’. ನಮ್ಮ ಭಾಷೆಯಲ್ಲಿ ಇಂಥ ಉಪಪದವೇ ಇಲ್ಲದಿರುವುದರಿಂದ ಕಣ್ಣು ಅದನ್ನು ಜಾರಿಸಿಬಿಡುತ್ತದೆ. ಹೀಗಾಗಿ ಇಂದಿಗೂ ನಾನು ಆ ಸಾಲುಗಳ ಕೆಳಗೆ ಪೆನ್ಸಿಲ್ ಗೆರೆ ಎಳೆದೇ ಮುಂದೆ ಹೋಗುತ್ತೇನೆ. ಲಾಠಿ ಚಾರ್ಜನ್ನು ಮಾತ್ರ ಹೊರೆಯ ಲೆಕ್ಕಕ್ಕೆ ಎಳೆಯುವ ಸಾಹಸ ಮಾಡದೆ, ‘ಲಾಠಿ ಪ್ರಹಾರ’ ಎಂದೇ ಬರೆದು ಕೈತೊಳೆದುಕೊಳ್ಳುತ್ತೇನೆ.

ಹೋಟೆಲಿನ ಹಿರಿಯರಿಗೆ ‘ಆಸ್ತಿಯ ಮೇಲಿನ ಋಣಭಾರ’ ಎಂದು ತಿದ್ದಿಕೊಟ್ಟೆ. ಕೆಲವು ವರ್ಷಗಳ ನಂತರ ಸಾಲ ತೀರಿಸಿ, ಉತಾರೆಯ ಹೊಸ ಪ್ರತಿಯನ್ನು ಹಿಡಿದು ಬಂದ ಅವರು ಬಾಗಿಲಲ್ಲೇ ನಿಂತು, “ಬೋಜಾ ಇಳಿಯಿತು ಮಾರಾಯ್ರೇ, ನಿಮ್ಮ ಶುಲ್ಕ ಎಷ್ಟು?” ಎಂದು ಕೇಳಿದರು.