ಬೆಣ್ಣೆ ಖಾಲಿ ಐತಿ, ಬರ್ರಿ

ದಾವಣಗೆರೆಯಲ್ಲಿ ಅಂಗಡಿ, ಹೋಟೆಲುಗಳಿಗೆ ಜಾಹೀರಾತು ಮಾಡಿಕೊಡೋದು ನನ್ನ ಕೆಲಸ. ಮೊದಲು ಗೋಡೆ ಮೇಲೆ, ಬೋರ್ಡಿನ ಮೇಲೆ ಬಣ್ಣದಲ್ಲಿ ಬರೆಯುತ್ತಿದ್ದೆ. ಆಮೇಲೆ ಫ್ಲೆಕ್ಸ್ ಡಿಸೈನ್ ಬಂತು. ಈಗ ಹೆಚ್ಚಾಗಿ ರೀಲ್ಸ್. ಕುಂಚ ಹಿಡಿದ ಕಾಲದ ಸಾಲುಗಳು ಈಗಲೂ ಬಾಯಿಪಾಠ: ‘ಇಂದೇ ಭೇಟಿ ಕೊಡಿ’, ‘ಗ್ರಾಹಕರ ಸಂತೃಪ್ತಿಯೇ ನಮ್ಮ ಗುರಿ’, ‘ಒಮ್ಮೆ ಬನ್ನಿ, ಮತ್ತೆ ಮತ್ತೆ ಬರುವಿರಿ’. ಮನೆಯಲ್ಲಿ ಯಾರೂ ‘ಬರುವಿರಿ’ ಅನ್ನಲ್ಲ. ಆದರೆ ಗೋಡೆಗೆ ಏರುವ ಮಾತಿಗೆ ಇಸ್ತ್ರಿ ಮಾಡಿದ ಅಂಗಿ ಹಾಕಲೇಬೇಕು ಅಂತ ನಾವೆಲ್ಲ ನಂಬಿದ್ದೆವು.

2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾಯಿತು. ಮರುತಿಂಗಳೇ ಇನ್‌ಸ್ಟಾಗ್ರಾಂ ನಮ್ಮ ದೇಶದಲ್ಲಿ ರೀಲ್ಸ್ ಶುರು ಮಾಡಿತು. ಕೊರೊನಾದಿಂದ ಫ್ಲೆಕ್ಸ್ ಕೆಲಸ ನಿಂತಿತ್ತು. ಮೊಬೈಲ್ ಹಿಡಿದು ಕಲಿಯತೊಡಗಿದೆ.

ಮೊದಲು ಕಿವಿಗೆ ಬಿದ್ದದ್ದು ಆ ಪದವೇ. ‘ರೀಲ್ ಬಿಡಬೇಡ’ ಅಂದರೆ ಸುಳ್ಳು ಹೇಳಬೇಡ ಅಂತ ನಾವು ಇನ್‌ಸ್ಟಾಗ್ರಾಂ ಹುಟ್ಟೋಕೆ ಮೊದಲಿಂದಲೂ ಹೇಳುತ್ತಿದ್ದೆವು, ಅಲ್ವಾ? ಈಗ ಅಂಗಡಿಯವರು ‘ಒಂದು ರೀಲ್ಸ್ ಮಾಡಿಕೊಡಿ’ ಅನ್ನುತ್ತಾರೆ. ಎರಡಾದರೆ ‘ರೀಲ್ಸ್‌ಗಳು’. ಇಂಗ್ಲಿಷಿನ ಬಹುವಚನದ ಮೇಲೆ ನಮ್ಮ ‘ಗಳು’ ಕೂತಿದೆ. ತಿದ್ದೋಕೆ ನನಗೆ ಮನಸ್ಸಿಲ್ಲ. ಬಸ್ಸನ್ನು ‘ಬಸ್ಸು’, ಕಾರನ್ನು ‘ಕಾರು’ ಮಾಡಿಕೊಂಡ ನಾಲಿಗೆಯೇ ಇದನ್ನೂ ಪಳಗಿಸುತ್ತಿದೆ. ಮಂಡಿಪೇಟೆಯ ಒಂದು ದಿನಸಿ ಅಂಗಡಿಗೆ ನಾನು ಬರೆದ ಮೊದಲ ಸಾಲು ಇದರಿಂದಲೇ ಹುಟ್ಟಿತು. ತಕ್ಕಡಿ ಮುಂದೆ ನಿಂತು ಮಾಲೀಕರು ಹೇಳುತ್ತಾರೆ: ‘ರೀಲ್ ಮಾಡ್ತೀವಿ, ರೀಲ್ ಬಿಡಲ್ಲ.’

ಆಮೇಲೆ ಒಂದು ಬೆಣ್ಣೆ ದೋಸೆ ಹೋಟೆಲಿನ ಕೆಲಸ ಸಿಕ್ಕಿತು. ಆಗ ಓಡುತ್ತಿದ್ದದ್ದು ಬೆಂಗಳೂರಿನ ಹುಡುಗರ ಧಾಟಿ. ‘ಗುರೂ, ಸಖತ್ತಾಗಿದೆ ಮಗಾ’ ಅನ್ನೋ ಥರ. ಮಾಲೀಕರ ಮಗನಿಗೆ ಅದೇ ಬೇಕಿತ್ತು. ಮಾಡಿಕೊಟ್ಟೆ. ವ್ಯೂಸ್ ಬಂದವು, ಗಿರಾಕಿ ಬರಲಿಲ್ಲ. ಯಾವ ಊರಿನ ಯಾವ ಹೋಟೆಲಿಗೆ ಬೇಕಾದರೂ ಅಂಟಿಸಬಹುದಾದ ವಿಡಿಯೋ ಅದು.

ಮೂರು ದಿನ ಬೆಳಗ್ಗೆ ಹೋಗಿ ಸುಮ್ನೆ ಮೂಲೆಯ ಬೆಂಚಲ್ಲಿ ಕೂತೆ. ಸೌದೆ ಒಲೆ, ಕಾದ ಹಂಚು, ಅದರ ಮೇಲೆ ಬಿಳಿ ಬೆಣ್ಣೆ ಮುದ್ದೆ ಜಾರುವ ಸದ್ದು. ಎರಡನೇ ದಿನ ಹೊರಗಿನ ಊರಿನವರೊಬ್ಬರು ಬಂದು ಏನಿದೆ ಅಂತ ಕೇಳಿದರು. ಮಾಣಿ ‘ಬೆಣ್ಣೆ ಖಾಲಿ ಐತ್ರಿ’ ಅಂದ. ‘ಅಯ್ಯೋ, ಇಷ್ಟು ಬೇಗ ಖಾಲಿ ಆಯ್ತಾ?’ ಅಂತ ಅವರು ಬ್ಯಾಗ್ ಎತ್ತಿಕೊಂಡು ಎದ್ದೇಬಿಟ್ಟರು. ಪಕ್ಕದ ಅಜ್ಜ ಅವರ ತೋಳು ಹಿಡಿದು ಕೂರಿಸಿದರು. ‘ಕೂಡ್ರಿ, ಕೂಡ್ರಿ. ಖಾಲಿ ಅಂದ್ರ ದೋಸೆ ಹೆಸ್ರು!’ ಇಡೀ ಸಾಲು ನಕ್ಕಿತು. ಬಂದವರೂ ನಕ್ಕರು. ಅವತ್ತು ಅವರು ಎರಡು ಖಾಲಿ ತಿಂದರು.

ಅದನ್ನೇ ಮತ್ತೆ ನಟಿಸಿ ತೆಗೆದೆವು. ಒಟ್ಟು 22 ಸೆಕೆಂಡ್. ಟ್ರೆಂಡಿಂಗ್ ಆಡಿಯೋ ಹಾಕಲಿಲ್ಲ, ಹಂಚಿನ ಚುಂಯ್ ಸದ್ದೇ ಸಾಕಿತ್ತು. ರೀಲ್ಸ್‌ನಲ್ಲಿ ಮೊದಲ ಎರಡು ಮೂರು ಸೆಕೆಂಡಿಗೇ ಜನ ಮುಂದಕ್ಕೆ ಸರಿಸಿಬಿಡುತ್ತಾರೆ. ಹಾಗಾಗಿ ‘ಬೆಣ್ಣೆ ಖಾಲಿ ಐತ್ರಿ’ ಮಾತಿನಿಂದಲೇ ಶುರು ಮಾಡಿದೆ. ಕೆಳಗೆ ಅಕ್ಷರ ಹಾಕುವಾಗ ಮಾಲೀಕರ ಮಗ ‘ಐತಿ ಬೇಡ, ಇದೆ ಅಂತ ಹಾಕಿ. ಹಳ್ಳಿ ಭಾಷೆ ಅನ್ನಿಸುತ್ತೆ’ ಅಂದ. ನಾನು ಒಪ್ಪಲಿಲ್ಲ. ‘ಇದೆ’ ಅಂತ ಬರೆದರೆ ಆ ಮಾತು ಆ ಮಾಣಿಯದ್ದೇ ಅಲ್ಲ. ಊರು ಬಿಟ್ಟು ಬೆಂಗಳೂರು ಸೇರಿದ ಹುಡುಗರು ಅದನ್ನು ಒಬ್ಬರಿಗೊಬ್ಬರು ಕಳಿಸಿಕೊಂಡರು. ವಾರದೊಳಗೆ ಮಾತು ಫೋನಿನಿಂದ ತಿರುಗಿ ಕೌಂಟರಿಗೇ ಬಂತು. ಕಾಲೇಜು ಹುಡುಗರು ಬೇಕಂತಲೇ ‘ಖಾಲಿ ಆಯ್ತಾ?’ ಅಂತ ಕೇಳೋದು, ಮಾಣಿ ‘ಖಾಲಿ ಆಗಿಲ್ಲ, ಖಾಲಿ ಐತಿ’ ಅನ್ನೋದು.

ಒಮ್ಮೆ ದೊಡ್ಡ ತಪ್ಪೂ ಮಾಡಿದೆ. ಒಂದು ಸೀರೆ ಅಂಗಡಿಗೆ ಮಾಡಿದ ರೀಲ್ಸ್‌ನಲ್ಲಿ ಹಳ್ಳಿಯ ಹೆಂಗಸು ‘ಆಫರ್’ ಅನ್ನೋದನ್ನು ‘ಆಪರು’ ಅನ್ನುತ್ತಾಳೆ, ಸೇಲ್ಸ್ ಹುಡುಗಿ ನಗುತ್ತಾಳೆ. ಆಗ ಅಂಥದ್ದು ಜಾಸ್ತಿ ಓಡುತ್ತಿತ್ತು. ಎರಡು ದಿನ ಕಳೆದ ಮೇಲೆ ಮಾಲೀಕರು ಫೋನ್ ಮಾಡಿದರು. ಹತ್ತು ವರ್ಷದಿಂದ ಬರುವ ಒಬ್ಬ ಗಿರಾಕಿ, ‘ನಾವು ಹಂಗ ಮಾತಾಡಿದಾಗೆಲ್ಲ ಒಳಗೊಳಗೆ ನಗ್ತಿದ್ರೇನು?’ ಅಂತ ಕೇಳಿ ಹೋದರಂತೆ. ನನ್ನ ಅಮ್ಮನೂ ‘ಆಪರು’ ಅನ್ನುತ್ತಾಳೆ. ಅವತ್ತೇ ಅಳಿಸಿದೆ. ಅಜ್ಜನ ಬೆಂಚಲ್ಲಿ ನಕ್ಕಾಗ ಬಂದವರೂ ಜೊತೆಗೆ ನಕ್ಕಿದ್ದರು. ಇಲ್ಲಿ ನಕ್ಕಿದ್ದು ಒಂದೇ ಕಡೆಯವರು. ಈಗ ಯಾವ ರೀಲ್ಸ್ ಆದರೂ ಮೊದಲು ಅಮ್ಮನಿಗೆ ತೋರಿಸುತ್ತೇನೆ.

ಟ್ರೆಂಡ್ ಹಿಡಿಯಲೇಬಾರದು ಅಂತ ನಾನು ಹೇಳಲ್ಲ. ಐಪಿಎಲ್ ಬಂದರೆ ‘ಈ ಸಲ ಕಪ್ ನಮ್ದೇ’ ಬಿಟ್ಟು ನಮ್ಮಲ್ಲಿ ವ್ಯಾಪಾರವೇ ಇಲ್ಲ. ಹಳೆ ಪಿ.ಬಿ. ರಸ್ತೆಯ ಟೀ ಅಂಗಡಿಯೊಂದಕ್ಕೆ ‘ಈ ಸಲ ಕಪ್ ನಮ್ದೇ, ಚಾ ನಿಮ್ದು’ ಅಂತ ಬರೆದಿದ್ದೆ. 2025ರ ಜೂನ್ 3ರ ರಾತ್ರಿ ಆರ್‌ಸಿಬಿ 18ನೇ ಸೀಸನ್‌ನಲ್ಲಿ ಕೊನೆಗೂ ಗೆದ್ದಿತು. ‘ಕಪ್ ಬಂತು, ಚಾಕ್ಕೆ ಬರ್ರಿ’ ಅಂತ ಅವತ್ತೇ ರಾತ್ರಿ ಹಾಕಿದೆವು. ಮರುದಿನ ಸಂಜೆ ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ಕಾಲ್ತುಳಿತದಲ್ಲಿ 11 ಜನ ತೀರಿಕೊಂಡರು. ಸುದ್ದಿ ನೋಡಿದ ಕೂಡಲೇ ಪೋಸ್ಟ್ ತೆಗೆದೆ. ತೆಗೆಯುವಾಗಲೂ ಅದಕ್ಕೆ ಲೈಕ್ ಬರುತ್ತಲೇ ಇದ್ದವು. ನಗುವ ಸಾಲು ಅದೇ, ಒಂದಕ್ಷರ ಬದಲಾಗಿಲ್ಲ, ಆದರೆ ಓದೋಕೆ ಆಗಲಿಲ್ಲ. ಅಂಗಡಿಯವರು ಬಾಗಿಲ ಮೇಲಿನ ಬೋರ್ಡನ್ನೂ ಇಳಿಸಿದರು.

ಈಗ ಜೇಬಲ್ಲಿ ಸಣ್ಣ ನೋಟ್‌ಬುಕ್ ಇರುತ್ತದೆ. ಬಸ್ ಸ್ಟ್ಯಾಂಡ್, ಮಂಡಕ್ಕಿ ಮೆಣಸಿನಕಾಯಿ ಅಂಗಡಿ, ಎಲ್ಲಿ ಏನು ಕೇಳಿದರೂ ಬರೆದಿಡುತ್ತೇನೆ. ಹೋದ ವಾರ ಗಡಿಯಾರ ಕಂಬದ ಹತ್ತಿರ ಒಬ್ಬ ಹುಡುಗ ‘ಅಜ್ಜಿ, ನಿನ್ ಫೋಟೋ ಸ್ಟೇಟಸ್ ಇಟ್ಟೀನಿ’ ಅಂದ. ಅಜ್ಜಿ ಗಾಬರಿಯಾಗಿ ‘ಎಲ್ಲಿ ಇಟ್ಟಿ? ಕೈಗೆ ಸಿಗೋ ಹಂಗ ಇಟ್ಟಿಯಿಲ್ಲ?’ ಅಂದರು. ಬರೆದುಕೊಂಡಿದ್ದೇನೆ. ಅದಕ್ಕೆ ಹೊಂದುವ ಅಂಗಡಿ ಇನ್ನೂ ಸಿಕ್ಕಿಲ್ಲ. ಸ್ಟೀಲ್ ಪಾತ್ರೆಯವರನ್ನು ಕೇಳಬೇಕು.