ಮನೆಮಾತು ಬಿಡಬೇಡಿ: ಅಮೆರಿಕಕ್ಕೆ ಹೊಸದಾಗಿ ಬಂದ ಉತ್ತರ ಕನ್ನಡದವರಿಗೆ

ಶಾಲೆಗೆ ಸೇರಿಸುವಾಗ ಮನೆಯಲ್ಲಿ ಯಾವ ಭಾಷೆ ಎಂದು ಕೇಳುವ ‘ಹೋಮ್ ಲ್ಯಾಂಗ್ವೇಜ್ ಸರ್ವೆ’ ಹಾಳೆ ಕೊಡುತ್ತಾರೆ. ಹೆದರಿ ‘ಇಂಗ್ಲಿಷ್’ ಎಂದು ಬರೆಯುವವರೇ ಬಹಳ. ಕನ್ನಡವೋ ಕೊಂಕಣಿಯೋ, ಇದ್ದದ್ದನ್ನೇ ಬರೆಯಿರಿ. ಮಗುವಿನ ಇಂಗ್ಲಿಷ್ ಎಷ್ಟಿದೆ ಎಂದು ಪರೀಕ್ಷಿಸುತ್ತಾರೆ. ಸಾಲದಿದ್ದರೆ ಸರ್ಕಾರಿ ಶಾಲೆಯಲ್ಲಿ ಪುಕ್ಕಟೆಯಾಗಿ ಹೆಚ್ಚಿನ ಪಾಠ ಸಿಗುತ್ತದೆ. ಸುಳ್ಳು ಬರೆದರೆ ಅದೂ ತಪ್ಪಿತು.

ಮೂರು ಭಾಷೆ ಮಗುವಿಗೆ ಭಾರ ಎನ್ನುವವರು ಸಿಗುತ್ತಾರೆ. ಕಾರವಾರದಲ್ಲಿ ಮನೆಯೊಳಗೆ ಕೊಂಕಣಿ, ಶಾಲೆಯಲ್ಲಿ ಕನ್ನಡ. ಭಟ್ಕಳದಲ್ಲಿ ನವಾಯತಿ, ಶಿರಸಿ ಕಡೆ ಹವ್ಯಕ. ನಮ್ಮ ಮಕ್ಕಳಿಗೆ ಇದೇನು ಹೊಸತೇ? ಕೆಡುವುದು ಬೇರೆ ಕಡೆ: ಮಗು ಇಂಗ್ಲಿಷಿನಲ್ಲಿ ಕೇಳಿತೆಂದು ನಾವೂ ಇಂಗ್ಲಿಷಿನಲ್ಲೇ ಉತ್ತರಿಸಲು ಶುರುಮಾಡಿದಾಗ. ಆಯಿ (ಅಮ್ಮ) ಹವ್ಯಕದಲ್ಲಿ ಮಾತಾಡುವವರಾದರೆ ಅದನ್ನೇ ಮುಂದುವರಿಸಲಿ, ಪುಸ್ತಕದ ಕನ್ನಡ ವಾರಾಂತ್ಯದ ಕನ್ನಡ ಶಾಲೆಗಿರಲಿ. ಅಲ್ಲಿ ‘ಆಸ್ರಿಗೆ’ (ಕುಡಿಯಲು) ಎಂದ ಮಗುವನ್ನು ಯಾರಾದರೂ ತಿದ್ದಿದರೆ, ಅದು ತಪ್ಪಲ್ಲ, ನಮ್ಮ ಮನೆಮಾತು ಎಂದು ಮಗುವಿನೆದುರೇ ಹೇಳಿ. ತಿದ್ದಬೇಕಾದದ್ದು ಉಚ್ಚಾರ. ಇಂಗ್ಲಿಷಿನಲ್ಲಿ ನಮ್ಮ ‘ತ’ ಇಲ್ಲ, ಹಾಗಾಗಿ ತಟ್ಟೆ ‘ಟಟ್ಟೆ’ ಆಗುತ್ತದೆ. ನಾಲಿಗೆಯ ತುದಿ ಮೇಲಿನ ಹಲ್ಲಿಗೆ ತಾಗಿಸಿ ತೋರಿಸಿ.

ಅಜ್ಜಿಯ ಜೊತೆ ವಿಡಿಯೊ ಕಾಲ್ ‘ಊಟ ಆಯ್ತಾ?’, ‘ಹೂಂ’ ಎಂಬಲ್ಲಿಗೇ ಮುಗಿಯುತ್ತದೆ, ಮಾತಿಗೆ ವಿಷಯವೇ ಇರುವುದಿಲ್ಲವಲ್ಲ. ಒಂದು ಕೆಲಸ ಕೊಡಿ. ಅಜ್ಜಿ ಹೇಳಲಿ, ಮಗು ಶುಂಠಿ ತಂಬುಳಿ ಮಾಡಲಿ: ಒಂದಿಂಚು ಶುಂಠಿ, ಕಾಲು ಕಪ್ ಕಾಯಿತುರಿ, ಅರ್ಧ ಚಮಚ ಜೀರಿಗೆ, 4 ಕಾಳುಮೆಣಸು ನುಣ್ಣಗೆ ಬೀಸಿ, ಒಂದು ಕಪ್ ಮಜ್ಜಿಗೆಗೆ ಬೆರೆಸಿ ಉಪ್ಪು ಹಾಕಿದರಾಯಿತು, ಕುದಿಸುವಂತಿಲ್ಲ. ಫ್ರೀಜರಿನ ಕಾಯಿತುರಿಯನ್ನು ಹಾಗೇ ಬೀಸಿದರೆ ಜಿಡ್ಡು ಕಾಳುಕಾಳಾಗಿ ತೇಲುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ನೆನೆಸಿ.

ಊರಿಗೆ ಕರೆದೊಯ್ಯುವ ಸಮಯದಲ್ಲೇ ಹೆಚ್ಚಿನವರು ಎಡವುವುದು. ಇಲ್ಲಿಯ ದೊಡ್ಡ ರಜೆ ಅಲ್ಲಿಯ ಮಳೆಗಾಲ. ಅಣ್ಣ-ತಮ್ಮಂದಿರ ಮಕ್ಕಳೆಲ್ಲ ಶಾಲೆಯಲ್ಲಿ, ಯಕ್ಷಗಾನ ಮೇಳಗಳ ತಿರುಗಾಟ ಮುಗಿದಿರುತ್ತದೆ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೂ ನಿಷೇಧ. ಮಗು ಮೂರು ವಾರ ಜಗುಲಿಯಲ್ಲಿ ಕುಳಿತು ಮೊಬೈಲ್ ನೋಡಿ ಬರುತ್ತದೆ. ಡಿಸೆಂಬರಿನ ಎರಡು ವಾರವೇ ವಾಸಿ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಫೆಬ್ರವರಿ-ಮಾರ್ಚ್ ಹೊತ್ತಿಗೆ. ಅದಕ್ಕೆ ಹೋಗುವುದಾದರೆ ಶಾಲೆಗೆ ಮೊದಲೇ ಪತ್ರ ಕೊಡಿ. ಜುಲೈಯೇ ಗತಿ ಎಂದಾದರೆ, ತೋಟಕ್ಕಿಳಿಯುವಾಗ ಉಂಬಳಕ್ಕೆಂದು (ರಕ್ತ ಹೀರುವ ಜಿಗಣೆ) ಕಿಸೆಯಲ್ಲಿ ಉಪ್ಪಿನ ಪೊಟ್ಟಣ ಇರಲಿ.